ಮೊದಲು ಮೇವು, ಆಮೇಲೆ ಹಸು

ಹಸು ಸಾಕುವ ಮಾತೆತ್ತಿದರೆ ನಮ್ಮ ಮನೆಗಳಲ್ಲಿ ಬರುವ ಮೊದಲ ಉತ್ತರ, "ನಮಗ್ಯಾಕೆ ಮಾರಾಯ್ರೆ ಆ ಉಸಾಬರಿ". ಎರಡನೆಯದು, "ಪ್ಯಾಕೆಟ್ ಹಾಲು ಗೇಟಿನ ಹತ್ತಿರವೇ ಸಿಗ್ತದಲ್ಲ". ಮೂರನೆಯದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಬ್ಯಾರಿಯ ಹಟ್ಟಿಯಲ್ಲಿ ದನ ಕಂಡರೆ ನೋಡುವವರ ಕಣ್ಣೇ ಬೇರೆಯಾಗುತ್ತದೆ, ಆ ದನವನ್ನು ಗಾಡಿಗೆ ಹತ್ತಿಸಿದರಂತೂ ಮುಗಿದೇ ಹೋಯಿತು ಎಂಬುದು ಆ ಮೂರನೆಯ ಉತ್ತರ. ನನ್ನ ಪ್ರಕಾರ ನಿಜವಾದ ಕಾರಣ ಇದೇ. ಮೊದಲಿನ ಎರಡೂ ಇದನ್ನು ಮುಚ್ಚಿಡಲು ಹೇಳುವ ಮಾತುಗಳು.

ಬಂಟ್ವಾಳ, ಬೆಳ್ತಂಗಡಿ, ಪುತ್ತೂರು ಕಡೆಯ ಹಳೆಯ ಬ್ಯಾರಿ ಮನೆಗಳಿಗೆ ಹಟ್ಟಿ ಎಂಬುದು ಅಡುಗೆಕೋಣೆಯಷ್ಟೇ ಸಹಜವಾಗಿತ್ತು. ಗದ್ದೆ ಇದ್ದವರಿಗೆ ಉಳುವ ಜೋಡಿ, ಇಲ್ಲದವರಿಗೆ ಗುಡ್ಡೆಗೆ ಬಿಟ್ಟು ಸಾಕುವ ಒಂದು ಗಿಡ್ಡ ದನ. ಆಮೇಲೆ ಗದ್ದೆ ಹೋಗಿ ತೋಟ ಬಂತು, ತೋಟ ಹೋಗಿ ಸೈಟು ಬಂತು, ಗಲ್ಫ್ ಬಂತು, ಅಂಗಳಕ್ಕೆ ಇಂಟರ್‌ಲಾಕ್ ಬಂತು. ಹಟ್ಟಿ ಇದ್ದ ಜಾಗದಲ್ಲಿ ಈಗ ಕಾರು ನಿಂತಿದೆ. ಇದರಲ್ಲಿ ಯಾರ ತಪ್ಪೂ ಇಲ್ಲ. ಆದರೆ ಜಾಗವಿದ್ದು, ಬಾವಿಯಲ್ಲಿ ನೀರಿದ್ದು, ಮನೆಯಲ್ಲಿ ಕೈಯಿದ್ದೂ ಕೇವಲ ಹೆದರಿಕೆಯಿಂದ ಹಟ್ಟಿ ಮುಚ್ಚಿದವರಿದ್ದಾರಲ್ಲ, ಈ ಬರಹ ಅವರಿಗೆ.

ಕೆಲಸದ ನಿಮಿತ್ತ ನಾನಿರುವುದು ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ. ಮೊದಲು ಸುರಪುರ ತಾಲ್ಲೂಕು, ಈಗ ಅದರಿಂದ ಬೇರ್ಪಟ್ಟ ಹುಣಸಗಿ ತಾಲ್ಲೂಕು. ಕೃಷ್ಣಾ ನದಿಗೆ ಕಟ್ಟಿದ ನಾರಾಯಣಪುರದ ಬಸವಸಾಗರ ಅಣೆಕಟ್ಟು ಹತ್ತಿರದಲ್ಲೇ ಇದೆ. ಕಾಲಜ್ಞಾನದ ವಚನಗಳಿಗೆ ಹೆಸರಾದ ಕೊಡೇಕಲ್ ಬಸವಣ್ಣನ ಊರು ಇದು. ಆ ಗದ್ದುಗೆಗೆ ಹಿಂದೂಗಳೂ ನಡೆದುಕೊಳ್ಳುತ್ತಾರೆ, ಮುಸ್ಲಿಮರೂ ನಡೆದುಕೊಳ್ಳುತ್ತಾರೆ. ಇದೇ ಸೀಮೆಯ ತಿಂಥಣಿ ಮೌನೇಶ್ವರನದೂ ಅದೇ ಕತೆ. ಇಲ್ಲಿನ ಒಕ್ಕಲುತನ ಮಾಡುವ ಮುಸ್ಲಿಂ ಮನೆಗಳ ಮುಂದೆ ಎತ್ತು, ಆಕಳು, ಎಮ್ಮೆ ಕಟ್ಟಿರುವುದನ್ನು ನೋಡಿದಾಗ ಕರಾವಳಿಯವನಾದ ನನಗೆ ವಿಚಿತ್ರ ಅನ್ನಿಸಿದ್ದು ಒಂದೇ: ಇದನ್ನು ಇಲ್ಲಿ ಯಾರೂ ತಿರುಗಿ ಕೂಡ ನೋಡುವುದಿಲ್ಲ. ಒಕ್ಕಲಿಗನ ಮನೆ ಎಂದ ಮೇಲೆ ದನ ಇರಲೇಬೇಕು, ಅಷ್ಟೇ. ಜಾತಿ, ಧರ್ಮ ಆಮೇಲಿನ ಮಾತು.

ಇಲ್ಲಿ ಎಲ್ಲವೂ ಸ್ವರ್ಗ ಎಂದು ಹೇಳುತ್ತಿಲ್ಲ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಊರು, ದುಡಿಯಲು ಬೆಂಗಳೂರಿಗೆ ಗುಳೆ ಹೋಗುವ ಜನ. ಆದರೆ ಒಂದು–ಎರಡು ದನ ಇಟ್ಟುಕೊಂಡು ಮನೆ ನಡೆಸುವ ಲೆಕ್ಕ ಇವರಿಗೆ ಗೊತ್ತಿದೆ. ಹೊಸದಾಗಿ ಶುರು ಮಾಡುವವರು ಕಲಿಯಬೇಕಾದ್ದು ಆ ಲೆಕ್ಕವನ್ನು. ನಮ್ಮ ಕಡೆ ಗಲ್ಫ್‌ನಿಂದ ಬಂದವರು ಮಾಡುವುದು ಇದರ ಉಲ್ಟಾ. ಮೊದಲು ಬ್ಯಾಂಕ್ ಸಾಲ, ಆಮೇಲೆ ಶೀಟು ಹಾಕಿದ ದೊಡ್ಡ ಶೆಡ್, ಆಮೇಲೆ ಒಂದೇ ಸಲಕ್ಕೆ ಹತ್ತು ಎಚ್‌ಎಫ್ ಹಸು, ಕೊನೆಗೆ "ಹುಲ್ಲಿಗೆ ಏನು ಮಾಡುವುದು" ಎಂಬ ಪ್ರಶ್ನೆ. ಮೂರು ವರ್ಷದೊಳಗೆ ಶೆಡ್ ಖಾಲಿ.

ಇಲ್ಲಿನ ವಯಸ್ಸಾದ ಒಕ್ಕಲಿಗರೊಬ್ಬರನ್ನು ಆಕಳು ಕಟ್ಟುವ ವಿಚಾರದಲ್ಲಿ ಕೇಳಿದಾಗ ಅವರು ಹೇಳಿದ್ದು ಇಷ್ಟು: "ಮೊದಲ ಬಣವಿ ನೋಡ್ರಿ ಸರ, ಆಮ್ಯಾಲ ಆಕಳ ನೋಡ್ರಿ. ಬಣವಿ ಇಲ್ದ ಆಕಳ ತಂದ್ರ ಅದು ನಿಮ್ಮನ್ನ ತಿಂತದ."

ಬಣವಿ ಎಂದರೆ ಒಟ್ಟಿದ ಮೇವಿನ ರಾಶಿ. ಜೋಳದ ಸೊಪ್ಪೆಗೆ ಇಲ್ಲಿ ಕಣಕಿ ಎನ್ನುತ್ತಾರೆ. ಕಣಕಿ, ತೊಗರಿ ಹೊಟ್ಟು, ಶೇಂಗಾದ ಬಳ್ಳಿ, ಜತೆಗೆ ಸ್ವಲ್ಪ ಹಿಂಡಿ ಅಥವಾ ಹತ್ತಿಕಾಳು, ಇದರಲ್ಲೇ ದನ ಬದುಕುತ್ತದೆ. ಕಾಲುವೆ ನೀರು ಬಂದ ಮೇಲೆ ಈ ಭಾಗದಲ್ಲಿ ಜೋಳದ ಹೊಲಗಳು ಭತ್ತದ ಗದ್ದೆಗಳಾದವು, ಎತ್ತಿನ ಜಾಗಕ್ಕೆ ಟ್ರ್ಯಾಕ್ಟರ್ ಬಂತು, ಕಣಕಿಯ ಜಾಗಕ್ಕೆ ಭತ್ತದ ಹುಲ್ಲು ಬಂತು. ಭತ್ತದ ಹುಲ್ಲು ಹೊಟ್ಟೆ ತುಂಬಿಸುತ್ತದೆಯೇ ಹೊರತು ಶಕ್ತಿ ಕೊಡುವುದಿಲ್ಲ. ಅದರಲ್ಲಿ ಸಿಲಿಕಾ ಜಾಸ್ತಿ, ಆಕ್ಸಲೇಟ್ ಜಾಸ್ತಿ, ಪ್ರೋಟೀನ್ ಕಡಿಮೆ. ತಿಂದ ಸುಣ್ಣದಂಶವೂ ಸರಿಯಾಗಿ ಮೈಗೆ ಹತ್ತುವುದಿಲ್ಲ. ನಮ್ಮ ಕರಾವಳಿಯ ಬೈಹುಲ್ಲೂ ಇದೇ. ಬರೀ ಬೈಹುಲ್ಲು ಹಾಕಿ ಹಾಲು ಬರಲಿಲ್ಲ ಎಂದು ಹಸುವನ್ನು ಬೈದರೆ ಏನು ಪ್ರಯೋಜನ? ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣ, ಒಂದು ಹಿಡಿ ಉಪ್ಪು ತಪ್ಪಿಸಬಾರದು.

ಲೆಕ್ಕ ಹೀಗೆ. ಹತ್ತು ಲೀಟರ್ ಕರೆಯುವ ಮಿಶ್ರತಳಿ ಹಸುವಿಗೆ ದಿನಕ್ಕೆ 15ರಿಂದ 20 ಕೆಜಿ ಹಸಿ ಮೇವು, 5–6 ಕೆಜಿ ಒಣ ಮೇವು ಬೇಕು. ಹಿಂಡಿ ಮೈ ಕಾಪಾಡಲು ಒಂದೂವರೆ ಕೆಜಿ, ಅದರ ಮೇಲೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಒಂದು ಕೆಜಿ. ಅಂದರೆ ಹತ್ತು ಲೀಟರಿಗೆ ಐದೂವರೆ ಕೆಜಿ. ಹಾಲಿನ ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗುವುದು ಮೇವಿಗೆ ಮತ್ತು ಹಿಂಡಿಗೆ. ಆದ್ದರಿಂದ ಲಾಭ ಎಂಬುದು ಹಸುವಿನ ಕೆಚ್ಚಲಲ್ಲಿಲ್ಲ, ನಿಮ್ಮ ಜಾಗದ ಹುಲ್ಲಿನಲ್ಲಿದೆ. ನೀರಿರುವ 10 ಸೆಂಟ್ಸ್ ಜಾಗದಲ್ಲಿ (ಇಲ್ಲಿನವರ ಲೆಕ್ಕದಲ್ಲಿ ನಾಲ್ಕು ಗುಂಟೆ) ಸಿಒ–4 ನೇಪಿಯರ್ ಹುಲ್ಲು ಹಾಕಿದರೆ ಎರಡು ಹಸುವಿಗೆ ಹಸಿ ಮೇವು ಸಾಲುತ್ತದೆ. ನಮ್ಮಲ್ಲಿ ಅಡಿಕೆ ತೋಟವಿದ್ದವರಿಗೆ ಇನ್ನೂ ಸುಲಭ. ತೋಟದ ಅಂಚಿನ ಹುಲ್ಲು, ಗ್ಲಿರಿಸಿಡಿಯಾ, ಹಲಸಿನ ಸೊಪ್ಪು, ಬಾಳೆದಿಂಡು, ಯಂತ್ರದಲ್ಲಿ ಕತ್ತರಿಸಿದ ಅಡಿಕೆ ಹಾಳೆ, ಎಲ್ಲವೂ ಮೇವೇ. ಕೊಡೇಕಲ್‌ನವರಿಗೆ ಇಷ್ಟು ಹಸಿರು ಕಂಡರೆ ಕಣ್ಣೀರು ಬಂದೀತು. ನಾವು ಅದನ್ನು ಗುಡಿಸಿ ಬೆಂಕಿ ಹಾಕುತ್ತೇವೆ.

ಆದರೆ ಸಿಕ್ಕಿದ್ದೆಲ್ಲ ಹಾಕಬಾರದು. ಇಲ್ಲಿ ಮೊಣಕಾಲೆತ್ತರದ ಎಳೆ ಜೋಳ ಮೇಯಲು ದನ ಬಿಡುವುದಿಲ್ಲ. ಅದರಲ್ಲೂ ಮಳೆ ಕೈಕೊಟ್ಟು ಬಾಡಿದ ಎಳೆ ಜೋಳದಲ್ಲಿ ಸೈನೈಡ್ ವಿಷ ಇರುತ್ತದೆ, ನೋಡುನೋಡುತ್ತಿದ್ದಂತೆ ದನ ಬೀಳುತ್ತದೆ. ನಮ್ಮ ಕಡೆ ಮರಗೆಣಸಿನ ಹಸಿ ಸೊಪ್ಪಿನಲ್ಲೂ ಇದೇ ವಿಷ. ಇನ್ನೊಂದನ್ನು ಹೇಳಲೇಬೇಕು, ಯಾಕೆಂದರೆ ಇದು ನಮ್ಮದೇ ಸಮಸ್ಯೆ. ಮದುವೆ ಮನೆಯ ಉಳಿದ ನೈಚೋರು, ಬಿರಿಯಾನಿ ಅನ್ನವನ್ನು "ಪಾಪ, ದನಕ್ಕಾದರೂ ಆಗ್ಲಿ" ಎಂದು ಬಕೆಟ್‌ಗಟ್ಟಲೆ ಸುರಿಯುತ್ತೇವೆ. ದನದ ಹೊಟ್ಟೆ ಹುಲ್ಲಿಗಾಗಿ ಇರುವುದು. ಒಂದೇ ಸಲಕ್ಕೆ ಅಷ್ಟು ಅನ್ನ ಬಿದ್ದರೆ ಹೊಟ್ಟೆಯೊಳಗೆ ಹುಳಿಯಾಗಿ, ಮೆಲುಕು ನಿಂತು, ಒಂದೆರಡು ದಿನದಲ್ಲಿ ದನ ಸಾಯಬಹುದು. ಬೆಕ್ಕನ್ನು ಕಟ್ಟಿಹಾಕಿ ಹಸಿವಿನಿಂದ ಕೊಂದ ಹೆಂಗಸಿನ ಹದೀಸ್ ಮದ್ರಸದಲ್ಲಿ ಕಲಿತವರು ನಾವು. ಅತಿಯಾಗಿ ತಿನ್ನಿಸಿ ಕೊಲ್ಲುವುದಕ್ಕೂ ಅದೇ ಲೆಕ್ಕ ಅಲ್ವಾ?

ಯಾವ ದನ ತರಬೇಕು? ಇಲ್ಲಿ ಹಿರಿಯರ ಬಾಯಲ್ಲಿ ಇನ್ನೂ ಖಿಲಾರಿ, ದೇವಣಿ, ಕೃಷ್ಣಾ ತೀರದ ತಳಿ ಎಂಬ ಹೆಸರುಗಳಿವೆ. ಖಿಲಾರಿ ದುಡಿಮೆಗೆ, ಹಾಲಿಗಲ್ಲ. ಬೀದರ್ ಕಡೆಯ ದೇವಣಿ ಹಾಲಿಗೂ ಆದೀತು, ಎತ್ತಿಗೂ ಆದೀತು. ಎಚ್‌ಎಫ್ ಇಲ್ಲಿನ ಬಿಸಿಲಿಗೆ ನಾಲಗೆ ಚಾಚಿ ಏದುಸಿರು ಬಿಡುತ್ತದೆ. ಕರಾವಳಿಯ ಸೆಕೆ ಮತ್ತು ತೇವದಲ್ಲೂ ಅದಕ್ಕೆ ಹಿತವಿಲ್ಲ. ಉಣ್ಣೆಯ ಕಾಟ, ಅದರಿಂದ ಹರಡುವ ಥೈಲೇರಿಯಾ ಜ್ವರ, ಮಳೆಗಾಲದಲ್ಲಿ ಗೊರಸು ಕೊಳೆಯುವುದು ಬೇರೆ. ಆದ್ದರಿಂದ ಮೊದಲ ಸಲದವರಿಗೆ ನನ್ನ ಸಲಹೆ ಜೆರ್ಸಿ ಮಿಶ್ರತಳಿ. ಮೈ ಸಣ್ಣದು, ತಿನ್ನುವುದು ಕಡಿಮೆ, ಹಾಲಿನಲ್ಲಿ ಕೊಬ್ಬು ಹೆಚ್ಚು. ಮನೆಯ ಚಹಾಕ್ಕೆ ಮಾತ್ರ ಹಾಲು ಸಾಕು, ತೋಟಕ್ಕೆ ಗೊಬ್ಬರ ಬೇಕು ಎನ್ನುವವರಿಗೆ ನಮ್ಮದೇ ಮಲೆನಾಡು ಗಿಡ್ಡಕ್ಕಿಂತ ಒಳ್ಳೆಯದಿಲ್ಲ. ದಿನಕ್ಕೆ ಒಂದೆರಡು ಲೀಟರ್ ಕೊಡುತ್ತದೆ, ಡಾಕ್ಟರನ್ನು ಕರೆಯಿಸುವುದೇ ಅಪರೂಪ.

ಒಂದು ಹಸುವಿನಿಂದ ಶುರು ಮಾಡಿ. ಎರಡನೆಯದು ಬರಬೇಕಾದ್ದು ಆರು ತಿಂಗಳ ನಂತರ. ಒಂದು ಹಾಲು ಬತ್ತುವಾಗ ಇನ್ನೊಂದು ಕರೆಯುತ್ತಿರಬೇಕು. ಕರು ಹಾಕುವ ಮುಂಚಿನ ಎರಡು ತಿಂಗಳು ಹಾಲು ಬಿಡಿಸಲೇಬೇಕು, ಆದರೆ ಆ ಎರಡು ತಿಂಗಳೂ ಹೊಟ್ಟೆ ಕೇಳುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯದೆ "ದಿನಕ್ಕೆ ಹತ್ತು ಲೀಟರ್, ತಿಂಗಳಿಗೆ ಮುನ್ನೂರು, ವರ್ಷಕ್ಕೆ ಮೂರು ಸಾವಿರದ ಆರುನೂರು" ಎಂದು ಕ್ಯಾಲ್ಕ್ಯುಲೇಟರ್ ಒತ್ತುವವರೇ ಮುಳುಗುವುದು.

ಕೊಳ್ಳುವಾಗ ದೂರದ ಸಂತೆಗಿಂತ ಗೊತ್ತಿದ್ದವರ ಹಟ್ಟಿ ವಾಸಿ. ಸಂಜೆ, ಬೆಳಿಗ್ಗೆ, ಮತ್ತೆ ಸಂಜೆ, ಹೀಗೆ ಸತತ ಮೂರು ಸಲ ನಿಮ್ಮ ಕಣ್ಣೆದುರೇ ಹಾಲು ಕರೆಸಿ ನೋಡಿ. ಒಂದು ಹೊತ್ತು ಕರೆಯದೆ ಬಿಟ್ಟು ಕೆಚ್ಚಲು ತುಂಬಿಸಿ ತೋರಿಸುವುದು ಎಲ್ಲ ಕಡೆಯೂ ಇರುವ ಹಳೆಯ ಆಟ. ನಾಲ್ಕೂ ಮೊಲೆಯಿಂದ ಹಾಲು ಸಮನಾಗಿ ಬರುತ್ತಿದೆಯೇ, ಕೆಚ್ಚಲಲ್ಲಿ ಗಂಟಿದೆಯೇ ಮುಟ್ಟಿ ನೋಡಿ. ಹಲ್ಲು ನೋಡಿ. ಬಾಯಿಗೂಡಿದ ಹಸು ಅಂದರೆ ಎಂಟೂ ಹಲ್ಲು ಬಂದದ್ದು, ಸುಮಾರು ಐದು ವರ್ಷ. ಮೊದಲ ಅಥವಾ ಎರಡನೆಯ ಕರುವಿನ ಹಸು ಹೊಸಬರಿಗೆ ಸರಿ.

ತಂದ ಮೇಲೆ ಎಲ್ಲರೂ ತಪ್ಪುವುದು ಬೆದೆಯ ವಿಚಾರದಲ್ಲಿ. ಹಸು 21 ದಿನಕ್ಕೊಮ್ಮೆ ಬೆದೆಗೆ ಬರುತ್ತದೆ, ಅದೂ ಹೆಚ್ಚೆಂದರೆ ಒಂದು ದಿನದ ಮಾತು. ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಇಂಜೆಕ್ಷನ್ ಕೊಡಿಸಬೇಕು. ಗಮನಿಸದೆ ಒಂದು ಸಲ ತಪ್ಪಿದರೆ ಮೂರು ವಾರದ ಮೇವು ಪುಕ್ಕಟೆ ಹೋಯಿತು. ಹೆಣ್ಣು ಕರುವೇ ಬೇಕೆನ್ನುವವರಿಗೆ ಲಿಂಗ ನಿರ್ಧರಿತ ವೀರ್ಯದ ಕಡ್ಡಿ ಈಗ ಸಿಗುತ್ತದೆ, ಹತ್ತರಲ್ಲಿ ಒಂಬತ್ತು ಪಾಲು ಹೆಣ್ಣೇ ಹುಟ್ಟುತ್ತದೆ. ಪಶು ಆಸ್ಪತ್ರೆಯಲ್ಲಿ ಕೇಳಿ. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಲೇಬೇಕು. ನೆರೆಮನೆಗಳಿಗೆ ಹಂಚುವುದು ಕರುವಿನ ಹೊಟ್ಟೆ ತುಂಬಿದ ಮೇಲೆ. ಕರೆದ ಕೂಡಲೇ ಹಸುವಿನ ಮುಂದೆ ಒಂದಿಷ್ಟು ಹುಲ್ಲು ಹಾಕಿ. ಕರೆದ ಅರ್ಧ ಗಂಟೆ ಮೊಲೆಯ ತೂತು ತೆರೆದೇ ಇರುತ್ತದೆ, ಸಗಣಿಯ ಮೇಲೆ ಮಲಗಿದರೆ ಕೆಚ್ಚಲು ಬಾವು ಖಾತ್ರಿ. ಕಾಲುಬಾಯಿ ರೋಗಕ್ಕೆ ವರ್ಷಕ್ಕೆ ಎರಡು ಸಲ ಸರ್ಕಾರಿ ಲಸಿಕೆ ಉಚಿತ. 2022ರಲ್ಲಿ ಚರ್ಮಗಂಟು ರೋಗ ರಾಜ್ಯವಿಡೀ ಹೇಗೆ ಹಬ್ಬಿತೆಂದು ಹಸು ಕಳೆದುಕೊಂಡವರನ್ನು ಕೇಳಿದರೆ ಗೊತ್ತಾಗುತ್ತದೆ, ಅದಕ್ಕೂ ಲಸಿಕೆ ಇದೆ. 1962ಕ್ಕೆ ಫೋನ್ ಮಾಡಿದರೆ ಪಶು ಸಂಜೀವಿನಿ ವಾಹನ ಮನೆಗೇ ಬರುತ್ತದೆ.

ಇನ್ನು ಆ ಮೂರನೆಯ ಮಾತು.

2005ರಲ್ಲಿ ಆದಿ ಉಡುಪಿಯಲ್ಲಿ ತಂದೆ–ಮಗನನ್ನು ಏನು ಮಾಡಿದರೆಂದು ಈ ಪುಟದ ಓದುಗರಿಗೆ ನಾನು ನೆನಪಿಸಬೇಕಾಗಿಲ್ಲ. ಹೆದರಿಕೆ ಸುಳ್ಳಲ್ಲ. ಆದರೆ ಕಾನೂನು ಏನು ಹೇಳುತ್ತದೆ ಎಂಬುದನ್ನು ಹೆದರಿಕೆಯ ಬಾಯಿಂದ ಕೇಳಬಾರದು. ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಅಧಿನಿಯಮ 2020, ಜಾರಿಗೆ ಬಂದದ್ದು 2021ರ ಜನವರಿಯಲ್ಲಿ. ಹಸು, ಎತ್ತು, ಹೋರಿ, ಕರು ಯಾವ ವಯಸ್ಸಿನದ್ದಾದರೂ ಹತ್ಯೆ ಅಪರಾಧ. ಎಮ್ಮೆ–ಕೋಣಗಳಿಗೆ 13 ವರ್ಷದ ಮಿತಿ. ಹತ್ಯೆಗೆ ಮೂರರಿಂದ ಏಳು ವರ್ಷ ಜೈಲು. ಆದರೆ ಸಾಕುವುದನ್ನು, ಹೈನುಗಾರಿಕೆಗಾಗಿ ಕೊಳ್ಳುವುದನ್ನು, ಅದಕ್ಕಾಗಿ ನಿಯಮದ ಪ್ರಕಾರ ಸಾಗಿಸುವುದನ್ನು ಈ ಕಾಯ್ದೆ ಯಾರಿಗೂ ನಿಷೇಧಿಸಿಲ್ಲ. ಬ್ಯಾರಿಗೂ ಇಲ್ಲ.

ಹಾಗಿದ್ದರೆ ಕಾಗದ ಸರಿಯಿರಲಿ. ಮಾರಿದವರ ಸಹಿಯ ರಸೀದಿ, ಅದರಲ್ಲಿ ಕಿವಿಯೋಲೆಯ 12 ಅಂಕಿಯ ನಂಬರು, ಪಶುವೈದ್ಯರ ಆರೋಗ್ಯ ಪ್ರಮಾಣಪತ್ರ. ಹಗಲಲ್ಲೇ ತನ್ನಿ. ಸಾಧ್ಯವಿದ್ದರೆ ಮಾರಿದವರನ್ನೇ ಗಾಡಿಯಲ್ಲಿ ಕೂರಿಸಿಕೊಂಡು ಬನ್ನಿ. ಎಲ್ಲಕ್ಕಿಂತ ಒಳ್ಳೆಯದು ಹಗ್ಗ ಹಿಡಿದು ನಡೆಸಿಕೊಂಡು ಬರುವಷ್ಟು ಹತ್ತಿರದ ಮನೆಯಿಂದ ಕೊಳ್ಳುವುದು. ನೆರೆಯ ಶೆಟ್ಟರ, ಗೌಡರ, ಪೂಜಾರಿಯವರ ಹಟ್ಟಿಯಲ್ಲಿ ಹುಟ್ಟಿದ ಕರು ನಿಮ್ಮ ಹಟ್ಟಿಗೆ ಬಂದರೆ ಊರಿಗೆಲ್ಲ ಆ ದನದ ಗುರುತಿರುತ್ತದೆ. ಯಾವ ಸರ್ಟಿಫಿಕೇಟಿಗೂ ಆ ಬಲ ಇಲ್ಲ.

ಈ ಕಾಯ್ದೆಯಿಂದ ಸಣ್ಣ ಸಾಕಾಣಿಕೆದಾರನಿಗೆ ನಿಜವಾದ ಪೆಟ್ಟು ಬಿದ್ದಿದೆ, ಅದನ್ನೂ ಮುಚ್ಚಿಡಬಾರದು. ಆ ಪೆಟ್ಟಿಗೆ ಧರ್ಮವಿಲ್ಲ. ಮೊದಲು ಗೊಡ್ಡು ಹಸುವನ್ನೋ ಗಂಡು ಕರುವನ್ನೋ ಮಾರಿದ ಹಣ ಮುಂದಿನ ಹಸುವಿನ ಬಂಡವಾಳವಾಗುತ್ತಿತ್ತು. ಈಗ ಅದು ಕೊನೆಯ ದಿನದವರೆಗೆ ಮೇವು ಕೇಳುವ ಹೊಟ್ಟೆ. ಕೊಡೇಕಲ್‌ನ ಲಿಂಗಾಯತ ಒಕ್ಕಲಿಗನೂ ಇದನ್ನೇ ಹೇಳುತ್ತಾನೆ, "ಮುದಿ ದನ ಏನ ಮಾಡೂದ್ರಿ, ಹೇಳ್ರಿ ನೀವ". ಗೋವಿನ ಬಗ್ಗೆ ಭಾಷಣ ಮಾಡುವವರು ಇದಕ್ಕೆ ಉತ್ತರ ಕೊಡುವುದಿಲ್ಲ. ಹಾಗಾಗಿ ಆರಂಭದಲ್ಲೇ ಲೆಕ್ಕ ಹಾಕಿ. ಹಾಲು ನಿಂತ ಮೇಲೂ ಆ ಹಸು ಐದಾರು ವರ್ಷ ಬದುಕಬಹುದು. ದಿನಕ್ಕೆ ಹತ್ತು ಕೆಜಿಗೆ ಕಮ್ಮಿಯಿಲ್ಲದ ಸಗಣಿ, ಅದರಿಂದ ತೋಟಕ್ಕೆ ಗೊಬ್ಬರ, ಮೂರ್ನಾಲ್ಕು ದನವಿದ್ದರೆ ಮನೆಯ ಒಲೆಗೆ ಗೋಬರ್ ಗ್ಯಾಸ್. ಇಷ್ಟರಲ್ಲಿ ಅದರ ಹೊಟ್ಟೆಪಾಡು ನಡೆಯುವ ಜಾಗ ನಿಮಗಿದೆಯೇ? ಇಲ್ಲದಿದ್ದರೆ ದನ ಬೇಡ, ಆಡು ಸಾಕಿ.

ಇಷ್ಟೆಲ್ಲ ತಾಪತ್ರಯದ ನಡುವೆಯೂ ಯಾಕೆ ಸಾಕಬೇಕು ಎನ್ನುವಿರಾ? ನನ್ನ ಉತ್ತರ ಹಾಲಿನ ಡೈರಿಯ ಸಾಲು. ಬೆಳಿಗ್ಗೆ ಆರೂವರೆಗೆ ಕ್ಯಾನ್ ಹಿಡಿದು ನಿಲ್ಲುವ ಆ ಸಾಲಿನಲ್ಲಿ ಊರಿನ ಎಲ್ಲ ಜಾತಿಯವರೂ ಇರುತ್ತಾರೆ. ಯಾರ ಹಸುವಿಗೆ ಜ್ವರ, ಎಲ್ಲಿ ಹುಲ್ಲು ಅಗ್ಗ, ಯಾರ ಮಗಳ ಮದುವೆ, ಎಲ್ಲ ಸುದ್ದಿ ಅಲ್ಲಿ. ನಮ್ಮ ಹಟ್ಟಿ ಮುಚ್ಚಿದಾಗ ನಾವು ಆ ಸಾಲಿನಿಂದಲೂ ಹೊರಬಂದೆವು. ಸಹಕಾರ ಸಂಘದ ಮಹಾಸಭೆಯಲ್ಲಿ ನಮ್ಮವರ ಕುರ್ಚಿಯೂ ಹೋಯಿತು. ನೆರೆಮನೆಯವರಿಗೆ ನಮ್ಮ ಬಗ್ಗೆ ಗೊತ್ತಿರುವುದು ಈಗ ಮೊಬೈಲಿನಲ್ಲಿ ಬರುವುದಷ್ಟೇ. ಸೌಹಾರ್ದ ಕೂಟಕ್ಕೆ ಶಾಮಿಯಾನ ಹಾಕಿಸಿ ಫೋಟೊ ತೆಗೆಸುವುದಕ್ಕಿಂತ ಆ ಸಾಲಿನಲ್ಲಿ ಹತ್ತು ನಿಮಿಷ ನಿಲ್ಲುವುದು ಹೆಚ್ಚು ಕೆಲಸ ಮಾಡುತ್ತದೆ ಎಂದು ನನ್ನ ನಂಬಿಕೆ.

ಇನ್ನೊಂದು, ಹೆಂಗಸರ ಕೈಗೆ ಬರುವ ಹಣ. ಕೊಡೇಕಲ್‌ನಲ್ಲಿ ಎಮ್ಮೆ ಕಟ್ಟಿದ ತಾಯಂದಿರು ಹಾಲು–ಮೊಸರಿನ ದುಡ್ಡನ್ನು ಗಂಡನ ಕೈಗೆ ಕೊಡುವುದನ್ನು ನಾನು ನೋಡಿಲ್ಲ. ಮಕ್ಕಳ ಫೀಸು, ಹಬ್ಬದ ಬಟ್ಟೆ, ಔಷಧಿ ಅದರಲ್ಲೇ. ಡೈರಿಯ ಸದಸ್ಯತ್ವ ಮನೆಯ ಹೆಂಗಸಿನ ಹೆಸರಿನಲ್ಲಿರಲಿ, ಬ್ಯಾಂಕ್ ಖಾತೆಯೂ ಅವಳದೇ. ಸರ್ಕಾರದ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನವೂ ಖಾತೆಗೇ ಬರುತ್ತದೆ. ಹೆಂಗಸರೇ ನಡೆಸುವ ಮಹಿಳಾ ಹಾಲು ಉತ್ಪಾದಕರ ಸಂಘಗಳು ರಾಜ್ಯದಲ್ಲಿ ಎಷ್ಟೋ ಇವೆ. ಕೆಲಸ ಉಮ್ಮನದು, ದುಡ್ಡು ಮಗನದು ಎಂದಾದರೆ ಆ ಹಟ್ಟಿ ಹೆಚ್ಚು ದಿನ ನಿಲ್ಲುವುದಿಲ್ಲ.

ಬಂಡವಾಳ ಇಲ್ಲದವರಿಗೆ ಇಲ್ಲಿ 'ಪಾಲಿಗೆ' ಎಂಬ ಪದ್ಧತಿ ಇದೆ. ದುಡ್ಡಿದ್ದವನು ಪಡ್ಡೆಯನ್ನು ಕೊಡಿಸುತ್ತಾನೆ, ಇನ್ನೊಬ್ಬ ಸಾಕುತ್ತಾನೆ, ಬೆಳೆದ ಮೇಲೆ ಹುಟ್ಟುವಳಿ ಹಂಚಿಕೊಳ್ಳುತ್ತಾರೆ. ಷರತ್ತು ಮನೆಯಿಂದ ಮನೆಗೆ ಬೇರೆ. ನಮ್ಮ ಮೊಹಲ್ಲಾಗಳಲ್ಲಿ ಇದನ್ನು ಮಾಡುವುದಾದರೆ ಕರಾರು ಶರೀಅತ್ತಿಗೆ ಸರಿಹೊಂದುತ್ತದೆಯೇ ಎಂದು ಮೊದಲೇ ಉಸ್ತಾದರನ್ನು ಕೇಳಿ ಬರೆದಿಟ್ಟುಕೊಳ್ಳಿ. ಎಷ್ಟೋ ಕಡೆ ರಂಝಾನಿನಲ್ಲಿ ಬಡ ಮನೆಗೊಂದು ಹೊಲಿಗೆ ಯಂತ್ರ ಕೊಟ್ಟು ಫೋಟೊ ಹಾಕುತ್ತೇವೆ. ಜಾಗವಿರುವ ವಿಧವೆಗೆ ಹೊಲಿಗೆ ಯಂತ್ರದ ಬದಲು ಗಬ್ಬದ ಪಡ್ಡೆ ಕೊಡಿಸುವುದನ್ನು ಯಾಕೆ ಯೋಚಿಸಬಾರದು? (ಒಂದೆರಡು ಹಸುವಿಗೆ ಝಕಾತ್ ಇದೆಯೇ ಎಂದು ಕೆಲವರು ಕೇಳುವುದುಂಟು. ದನಗಳ ನಿಸಾಬ್ 30, ಅದೂ ಮೇದು ಬದುಕುವ ದನಗಳಿಗೆ. ಆ ಚಿಂತೆ ಬೇಡ.)

ಶುರು ಮಾಡುವ ಮನಸ್ಸಿದ್ದವರು ಈ ವಾರ ಹಸು ಹುಡುಕಲು ಹೋಗಬೇಡಿ. ನೇಪಿಯರ್ ಹುಲ್ಲಿನ ತುಂಡು ತಂದು ನೆಡಿ. ಮೊದಲ ಕೊಯ್ಲಿಗೆ ಎರಡೂವರೆ ತಿಂಗಳು ಬೇಕು, ಆಮೇಲೆ ಒಂದೂವರೆ ತಿಂಗಳಿಗೊಮ್ಮೆ ಕೊಯ್ಯಬಹುದು. ಆ ಎರಡೂವರೆ ತಿಂಗಳಲ್ಲಿ ಹಟ್ಟಿಯ ನೆಲ ಸ್ವಲ್ಪ ಇಳಿಜಾರಾಗಿ ಸರಿಮಾಡಿ, ಡೈರಿಯಲ್ಲಿ ಸದಸ್ಯತ್ವದ ಅರ್ಜಿ ಕೊಡಿ, ನೆರೆಯವರ ಹಟ್ಟಿಗೆ ಹೋಗಿ ಹಾಲು ಕರೆಯುವುದನ್ನು ಕಲಿಯಿರಿ. ಅವರ ಹಸು ಗಬ್ಬವಾಗಿದೆಯೇ, ಕರು ಮಾರುತ್ತಾರೆಯೇ ಎಂದು ಆಗಲೇ ಕೇಳಿ ಇಟ್ಟುಕೊಳ್ಳಬಹುದು.